ಗುರುತಿಸುವ ಸಾಧನವನ್ನೇ ಮೊದಲು ಪರೀಕ್ಷಿಸೋಣ

ಮರಾಠಿಯಲ್ಲಿ ‘ಪ್ರತಿಪಿಂಡ’, ಕನ್ನಡದಲ್ಲಿ ‘ಪ್ರತಿಕಾಯ’. ಎರಡೂ ಭಾಷೆಗಳ ಶಾಲೆಯಲ್ಲಿ ಕಲಿತ ನನಗೆ ಇವೆರಡೂ ಒಂದೇ ವಸ್ತುವಿನ ಹೆಸರೆಂದು ಹೊಳೆದದ್ದು ತಡವಾಗಿ. ಆ ವಸ್ತುವಿನಿಂದ ಭಾಷೆಯ ವಿದ್ಯಾರ್ಥಿಗಳು ಕಲಿಯಬೇಕಾದುದೊಂದಿದೆ.

2004ರಲ್ಲಿ ಅಮೆರಿಕದ ಬಾಸ್ಟನ್ನಿನ ವಿಜ್ಞಾನಿಗಳು ರೀಸಸ್ ಕೋತಿಯ ಜೀವಕೋಶಗಳಲ್ಲಿ ಎಚ್‌ಐವಿಯನ್ನು ತಡೆಯುವ ‘ಟ್ರಿಮ್-5 ಆಲ್ಫಾ’ ಎಂಬ ಪ್ರೋಟೀನನ್ನು ಗುರುತಿಸಿದರು. ಕೋಶವನ್ನು ಹೊಕ್ಕ ರೆಟ್ರೊವೈರಸ್ಸಿನ ಒಳಚಿಪ್ಪನ್ನು ಅದು ಹಿಡಿದು ಸೋಂಕನ್ನು ಆರಂಭದಲ್ಲಿಯೇ ಮುರಿಯುತ್ತದೆ. ಮಾನವರಲ್ಲಿರುವ ಅದರ ರೂಪವು ಎಚ್‌ಐವಿಯೆದುರು ದುರ್ಬಲ. 332ನೆಯ ಸ್ಥಾನದ ಒಂದೇ ಅಮೈನೋ ಆಮ್ಲವನ್ನು ಬದಲಿಸಿದರೆ ಬಲಗೊಳ್ಳುತ್ತದೆ. ಒಂದಕ್ಷರದ ಪಾಠಾಂತರ ಪದ್ಯದ ಅರ್ಥವನ್ನೇ ತಿರುಗಿಸುವುದನ್ನು ಬಲ್ಲ ನಿಮಗೆ ಇದು ಅಚ್ಚರಿಯಲ್ಲ.

ಈ ಪ್ರೋಟೀನನ್ನು ಕೋಶದಲ್ಲಿ ಕಾಣಲು ಅದಕ್ಕೆ ಮಾತ್ರ ಅಂಟುವ ಪ್ರತಿಕಾಯ ಬೇಕು. ಆದರೆ ಟ್ರಿಮ್ ಕುಟುಂಬದಲ್ಲಿ ಪರಸ್ಪರ ಹೋಲುವ ಸೋದರರು ಹಲವರು. ಪ್ರತಿಕಾಯವು ಸೋದರನಿಗೆ ಅಂಟಿದರೆ ಫಲಿತಾಂಶವೇ ಸುಳ್ಳು. ಆದುದರಿಂದ ಆ ಪ್ರೋಟೀನಿನ ಜೀನನ್ನು ತೆಗೆದುಹಾಕಿದ ಕೋಶಗಳ ಮೇಲೂ ಅದನ್ನು ಪ್ರಯೋಗಿಸಬೇಕು. ಅಲ್ಲಿಯೂ ಗುರುತು ಮೂಡಿದರೆ ಅದನ್ನು ನಂಬಲಾಗದು.

ನಮ್ಮಲ್ಲಿ ಈ ಶಿಸ್ತು ಎಷ್ಟಿದೆ? ಈ ಗಡಿಸೀಮೆಯಲ್ಲಿ ಒಂದು ಪದ ಕಂಡೊಡನೆ ‘ಇದು ನಮ್ಮದು’ ಎನ್ನುವವರು ಎರಡೂ ಕಡೆ ಇದ್ದಾರೆ. ‘ಳ’ಕಾರವಿದೆ, ಆದುದರಿಂದ ಕನ್ನಡ ಎಂಬ ವಾದವನ್ನು ನಾನು ತರಗತಿಯಲ್ಲಿಯೇ ಕೇಳಿದ್ದೇನೆ. ಮರಾಠಿಯಲ್ಲಿಯೂ ‘ಳ’ಕಾರವಿದೆಯಲ್ಲ! ಎರಡೂ ಕಡೆ ಅಂಟುವ ಲಕ್ಷಣವು ಯಾವುದನ್ನೂ ಸಾಧಿಸದು.

ವಿದ್ಯಾರ್ಥಿಗಳೇ, ನಿಮ್ಮ ಆಧಾರವು ಇರಬಾರದ ಕಡೆಯೂ ಇದೆಯೇ ಎಂದು ಮೊದಲು ಹುಡುಕಿರಿ. ಕನ್ನಡದ ಮೇಲಿನ ಪ್ರೀತಿಗೆ ಅದರಿಂದ ಕುಂದಿಲ್ಲ. ನಮ್ಮ ಮಾತಿಗೆ ತೂಕ ಬರುವುದು ಅದರಿಂದಲೇ.