ಸುಳ್ಳಿಗೆ ಶಿಕ್ಷೆಯಿರಲಿ, ಅಕ್ಷರದ ತಪ್ಪಿಗೆ ಬೇಡ

ಗೆ:
ಮಾನ್ಯ ಅಧ್ಯಕ್ಷರು, ತಮಿಳುನಾಡು ಲೋಕಸೇವಾ ಆಯೋಗ, ಚೆನ್ನೈ
(ಈರೋಡು ಜಿಲ್ಲಾಧಿಕಾರಿಗಳ ಮೂಲಕ)

ಇಂದ:
ಜೀರಹಳ್ಳಿಯ ಉದ್ಯೋಗಾಕಾಂಕ್ಷಿಗಳು ಮತ್ತು ಪೋಷಕರು, ತಾಳವಾಡಿ ತಾಲ್ಲೂಕು

ವಿಷಯ: ಸುಳ್ಳು ಮಾಹಿತಿ ಅಥವಾ ಹಿಂದಿನ ಕೆಲಸದ ದುರ್ನಡತೆಯ ಕಾರಣಕ್ಕೆ ಅಭ್ಯರ್ಥಿಗಳನ್ನು ಅನರ್ಹಗೊಳಿಸುವ ಕ್ರಮದ ಬಗ್ಗೆ ಮನವಿ.

ಮಾನ್ಯರೇ,

2019ರ ಗ್ರೂಪ್ 4 ಪರೀಕ್ಷೆಯಲ್ಲಿ ರಾಮೇಶ್ವರ, ಕೀಳಕ್ಕರೈ ಕೇಂದ್ರಗಳ ಅಕ್ರಮ ಬಯಲಾಗಿ ಆಯೋಗವು 99 ಮಂದಿಯನ್ನು ಜೀವನಪರ್ಯಂತ ಹೊರಗಿಟ್ಟಾಗ ನಾವು ಅದನ್ನು ಸರಿಯೆಂದವರು. ಗಡಿಯಾಚೆ ಕರ್ನಾಟಕದಲ್ಲಿ 545 ಪಿಎಸ್‌ಐ ಹುದ್ದೆಗಳ ಪರೀಕ್ಷೆ ಅಕ್ರಮದ ಕಾರಣಕ್ಕೆ ರದ್ದಾದಾಗ ಪ್ರಾಮಾಣಿಕವಾಗಿ ಓದಿದವರು ಪಟ್ಟ ಸಂಕಟವನ್ನೂ ಬಲ್ಲೆವು. ಮೋಸಗಾರರ ಮೇಲೆ ನಮಗೆ ಕನಿಕರವಿಲ್ಲ. ಆದರೆ ಸುಳ್ಳು ಬೇರೆ, ತಪ್ಪು ಬೇರೆ.

ನಮ್ಮ ಮಕ್ಕಳಲ್ಲಿ ಅನೇಕರು ಕನ್ನಡ ಮಾಧ್ಯಮದಲ್ಲಿ ಓದಿದವರು. ಶಾಲೆಯ ದಾಖಲೆಯಲ್ಲಿ 'ಬಸವಣ್ಣ' ಆಗಿದ್ದವನು ತಮಿಳು ಲಿಪಿಗೆ ಹೋಗಿ, ಅಲ್ಲಿಂದ ಇಂಗ್ಲಿಷಿಗೆ ಇಳಿಯುವ ಹೊತ್ತಿಗೆ 'ಪಸವಣ್ಣ' ಆಗಿರುತ್ತಾನೆ. ತಮಿಳಿನಲ್ಲಿ 'ಬ'ಗೂ 'ಪ'ಗೂ ಇರುವುದು ಒಂದೇ ಅಕ್ಷರ. ವಿಳಾಸದ್ದೂ ಇದೇ ಕಥೆ. ತಾಳವಾಡಿ ತಾಲ್ಲೂಕಾದದ್ದು 2016ರಲ್ಲಿ. ಅದಕ್ಕೆ ಹಿಂದಿನ ಪ್ರಮಾಣಪತ್ರಗಳಲ್ಲಿ ಸತ್ಯಮಂಗಲ ತಾಲ್ಲೂಕೆಂದಿದೆ. ಅಪ್ಪನ ಹಳೆಯ ಕಾಗದದಲ್ಲಿ ಜಿಲ್ಲೆಯ ಹೆಸರು ಪೆರಿಯಾರ್, ಅಜ್ಜನದರಲ್ಲಿ ಕೊಯಮತ್ತೂರು. ಮನೆ ಮಾತ್ರ ಇದ್ದಲ್ಲೇ ಇದೆ. ದಾಖಲೆ ಪರಿಶೀಲನೆಯ ಮೇಜಿನ ಮುಂದೆ ಈ ವ್ಯತ್ಯಾಸವೇ ವಂಚನೆಯಂತೆ ಕಂಡರೆ ಹುಡುಗ ಏನು ಹೇಳಿಯಾನು?

ಇದಕ್ಕಿಂತ ಗಂಭೀರವಾದದ್ದು ಅರ್ಜಿಯಲ್ಲಿರುವ ಮೊಕದ್ದಮೆಯ ಕಾಲಂ. ಜೀರಹಳ್ಳಿ ಅರಣ್ಯ ವಲಯವು 2013ರಲ್ಲಿ ಘೋಷಿತವಾದ ಸತ್ಯಮಂಗಲ ಹುಲಿ ಮೀಸಲಿನೊಳಗಿದೆ. ದನ ಕಾಡಿಗೆ ನುಗ್ಗಿತೆಂದು, ಸೌದೆ ತಂದರೆಂದು ದಂಡ ಕಟ್ಟಿದವರು ನಮ್ಮಲ್ಲಿದ್ದಾರೆ. ಸ್ಥಳದಲ್ಲೇ ದಂಡ ಕಟ್ಟಿ ಮುಗಿಸಿದ್ದು ಮೊಕದ್ದಮೆಯೋ ಅಲ್ಲವೋ ಎಂಬುದು ಅವರಿಗೇ ಗೊತ್ತಿಲ್ಲ. ಕಾಡುಗಳ್ಳ ವೀರಪ್ಪನ್ ಶೋಧದ ದಿನಗಳನ್ನು ಕಂಡ ಹಿರಿಯರು "ಕೇಸಿನ ಸುದ್ದಿ ಬರೀಬೇಡ ಮಗಾ" ಅನ್ನುತ್ತಾರೆ. ಅದು ಭಯ, ಕಪಟವಲ್ಲ. ಇನ್ನು ಪೇಟೆಯ ಕಂಪ್ಯೂಟರ್ ಅಂಗಡಿಯಲ್ಲಿ ಅರ್ಜಿ ತುಂಬುವವನು ಪ್ರಶ್ನೆಯನ್ನೇ ಓದಿ ಹೇಳದೆ ಎಲ್ಲದಕ್ಕೂ 'ಇಲ್ಲ' ಒತ್ತಿಬಿಡುತ್ತಾನೆ. ಸಹಿ ಮಾತ್ರ ನಮ್ಮ ಹುಡುಗಿಯದು.

ಅವತಾರ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2016ರಲ್ಲಿ ಸುಳ್ಳಿಗೂ ತಪ್ಪಿಗೂ ನಡುವೆ ಗೆರೆಯನ್ನು ಎಳೆದಿದೆ: ಮುಚ್ಚಿಟ್ಟ ವಿಷಯ ಕ್ಷುಲ್ಲಕವಾಗಿದ್ದರೆ ಅದನ್ನು ಮನ್ನಿಸಬಹುದು, ನಿರ್ದಿಷ್ಟವಾಗಿ ಕೇಳಿದ್ದನ್ನಷ್ಟೇ ತಿಳಿಸಬೇಕಾದ ಹೊಣೆ ಅಭ್ಯರ್ಥಿಯದು. ನಿಜ ಹೇಳಿದವರ ಹಿನ್ನೆಲೆಯನ್ನೂ ನೇಮಕಾಧಿಕಾರಿ ತೂಗಿ ನೋಡಬಹುದೆಂದು ಅದೇ ತೀರ್ಪು ಹೇಳುತ್ತದೆ. ಅದಕ್ಕೆ ನಮ್ಮ ತಕರಾರಿಲ್ಲ.

ಕೆಲಸದಿಂದ ತೆಗೆದ ವಿಷಯವೂ ಹೀಗೆಯೇ. ಕಾಯಂ ಸರ್ಕಾರಿ ನೌಕರನಿಗೆ ಸಂವಿಧಾನದ 311ನೇ ವಿಧಿಯಂತೆ ವಿಚಾರಣೆಯ ರಕ್ಷಣೆಯಿದೆ. ನಮ್ಮೂರಿನ ತಾತ್ಕಾಲಿಕ ನೌಕರನೊಬ್ಬನಿಗೆ "ನಾಳೆಯಿಂದ ಬರಬೇಡ" ಎಂದರು, ಅಷ್ಟೇ. ಕೈಗೆ ಒಂದು ಚೀಟಿಯೂ ಬರಲಿಲ್ಲ. 'ಹಿಂದೆ ಸೇವೆಯಿಂದ ವಜಾಗೊಂಡಿದ್ದೀರಾ?' ಎಂಬ ಪ್ರಶ್ನೆಗೆ ಅವನು ಹೌದೆಂದರೆ ಕಳಂಕ, ಇಲ್ಲವೆಂದರೆ ಸುಳ್ಳುಗಾರನೆಂಬ ಭಯ.

ಆದ್ದರಿಂದ ತಾಳವಾಡಿ ಭಾಗದವರಿಗೆ ಘೋಷಣೆಯ ಪ್ರಶ್ನೆಗಳನ್ನು ಕನ್ನಡದಲ್ಲೂ ಕೊಡಬೇಕು. ದಂಡ, ಎಫ್‌ಐಆರ್, ಶಿಕ್ಷೆ ಇವನ್ನು ಬೇರೆ ಬೇರೆಯಾಗಿ ಕೇಳಬೇಕು. ಹೆಸರು, ತಾಲ್ಲೂಕುಗಳ ವ್ಯತ್ಯಾಸಕ್ಕೆ ತಹಸೀಲ್ದಾರರ ದೃಢೀಕರಣವನ್ನು ಒಪ್ಪಬೇಕು. ಲಿಖಿತ ಆದೇಶವಿಲ್ಲದ ವಜಾವನ್ನು ದುರ್ನಡತೆಯೆಂದು ಎಣಿಸಬಾರದು. ಯಾರನ್ನೇ ಅನರ್ಹಗೊಳಿಸುವ ಮುನ್ನ ಕಾರಣ ಬರೆದು ನೋಟಿಸು ಕೊಟ್ಟು, ಉತ್ತರಕ್ಕೆ 30 ದಿನ ಬಿಡಬೇಕು. ಬೇಕೆಂದೇ ನಕಲಿ ಪ್ರಮಾಣಪತ್ರ ತಂದವರು ನಮ್ಮ ಊರಿನವರೇ ಆದರೂ ಅವರ ಪರ ನಾವು ಬರುವುದಿಲ್ಲ.

ಇಂತಿ ತಮ್ಮ ವಿಶ್ವಾಸಿಗಳು,
ಜೀರಹಳ್ಳಿಯ ಉದ್ಯೋಗಾಕಾಂಕ್ಷಿಗಳು ಮತ್ತು ಪೋಷಕರು