ವರದಿ ಬರೆಯುವವರು ಯಾರು?

ದುಬೈಯಿಂದ ಅಬುಧಾಬಿಗೆ ಹನ್ನೆರಡು ನಿಮಿಷ. 2016ರ ನವೆಂಬರ್‌ನಲ್ಲಿ ದುಬೈಯ ರಸ್ತೆ ಮತ್ತು ಸಾರಿಗೆ ಪ್ರಾಧಿಕಾರವು ಅಮೆರಿಕದ ಹೈಪರ್‌ಲೂಪ್ ಒನ್ ಕಂಪನಿಯೊಡನೆ ಒಪ್ಪಂದ ಮಾಡಿಕೊಂಡಾಗ ಪತ್ರಿಕೆಗಳು ದೊಡ್ಡಕ್ಷರದಲ್ಲಿ ಮುದ್ರಿಸಿದ್ದು ಈ ಸಂಖ್ಯೆಯನ್ನೇ. ಗಾಳಿ ಹೀರಿ ತೆಗೆದ ಕೊಳವೆಯೊಳಗೆ ಬೋಗಿಗಳು ವಿಮಾನದ ವೇಗದಲ್ಲಿ ಸಾಗಬೇಕಾದ ಈ ವ್ಯವಸ್ಥೆ ಆಗ ಜಗತ್ತಿನ ಎಲ್ಲಿಯೂ ಒಬ್ಬ ಪ್ರಯಾಣಿಕನನ್ನೂ ಹೊತ್ತೊಯ್ದಿರಲಿಲ್ಲ. ಒಪ್ಪಂದವಾದದ್ದೂ ಕೊಳವೆಗಲ್ಲ, ಅದರ ಕಾರ್ಯಸಾಧ್ಯತಾ ಅಧ್ಯಯನಕ್ಕೆ. ಅಧ್ಯಯನದಲ್ಲಿ ಕೈಜೋಡಿಸಿದವರು ಮೆಕಿನ್ಸಿ ಸಲಹಾ ಸಂಸ್ಥೆ ಮತ್ತು ಡೆನ್ಮಾರ್ಕ್‌ನ ವಾಸ್ತುಶಿಲ್ಪಿ ಬಿಯಾರ್ಕೆ ಇಂಗೆಲ್ಸ್ ಅವರ ಕಚೇರಿ. ಅದಕ್ಕೆ ಒಂದು ತಿಂಗಳ ಹಿಂದಷ್ಟೇ ದುಬೈ ಸರ್ಕಾರದ ಹಿಡಿತದಲ್ಲಿರುವ ಬಂದರು ಕಂಪನಿ ಡಿಪಿ ವರ್ಲ್ಡ್, ಹೈಪರ್‌ಲೂಪ್ ಒನ್‌ನಲ್ಲಿ 5 ಕೋಟಿ ಡಾಲರ್ ಹೂಡಿತ್ತು. ಯಂತ್ರವನ್ನು ಮಾರಬೇಕಾದವರು, ಅದು ಸಾಧ್ಯವೇ ಎಂದು ಪರೀಕ್ಷಿಸಬೇಕಾದವರು, ಅದರಲ್ಲಿ ಹಣ ತೊಡಗಿಸಿದವರು ಹೀಗೆ ಒಂದೇ ಮೇಜಿನ ಸುತ್ತ ಕುಳಿತಿದ್ದರು. ‘ಬೇಡ’ ಎನ್ನಬಲ್ಲವರಿಗೆ ಅಲ್ಲಿ ಕುರ್ಚಿ ಇರಲಿಲ್ಲ.

2018ರ ಫೆಬ್ರುವರಿಯಲ್ಲಿ ದುಬೈಯ ಸಿಟಿ ವಾಕ್‌ನಲ್ಲಿ ಬೋಗಿಯ ಮಾದರಿಯನ್ನು ಜನರಿಗೆ ತೋರಿಸಲಾಯಿತು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದರು ಎಂಬ ಗಾದೆಯನ್ನು ಕನ್ನಡಿಗರಿಗೆ ವಿವರಿಸಬೇಕಾಗಿಲ್ಲ.

ಇದೇ ಕುಲಾವಿ ಎರಡೂವರೆ ವರ್ಷಗಳ ಬಳಿಕ ಬೆಂಗಳೂರಿಗೂ ಬಂತು. 2020ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರು ಅಂತರರಾಷ್ಟ್ರೀಯ ವಿಮಾನ ನಿಲ್ದಾಣದ ಕಂಪನಿ ಮತ್ತು ಆ ವೇಳೆಗೆ ವರ್ಜಿನ್ ಹೈಪರ್‌ಲೂಪ್ ಎಂದು ಹೆಸರು ಬದಲಿಸಿಕೊಂಡಿದ್ದ ಅದೇ ಕಂಪನಿ ಒಪ್ಪಂದಪತ್ರ ವಿನಿಮಯ ಮಾಡಿಕೊಂಡವು. ಕೆಂಪೇಗೌಡ ವಿಮಾನ ನಿಲ್ದಾಣದಿಂದ ನಗರದ ನಡುಭಾಗಕ್ಕೆ ಹತ್ತು ನಿಮಿಷ ಎಂಬುದು ಇಲ್ಲಿನ ಸಂಖ್ಯೆ. ಆರು ಆರು ತಿಂಗಳ ಎರಡು ಹಂತಗಳಲ್ಲಿ ಪೂರ್ವಭಾವಿ ಅಧ್ಯಯನ ನಡೆಯಬೇಕೆಂದು ಗೊತ್ತಾಯಿತು. ಒಂದು ಕಡೆ ರಾಜ್ಯದ ಮುಖ್ಯ ಕಾರ್ಯದರ್ಶಿಯೂ ವಿಮಾನ ನಿಲ್ದಾಣ ಕಂಪನಿಯ ಅಧ್ಯಕ್ಷರೂ ಆಗಿದ್ದ ಟಿ.ಎಂ. ವಿಜಯಭಾಸ್ಕರ್, ಇನ್ನೊಂದು ಕಡೆ ಡಿಪಿ ವರ್ಲ್ಡ್ ಮತ್ತು ವರ್ಜಿನ್ ಹೈಪರ್‌ಲೂಪ್ ಎರಡಕ್ಕೂ ಅಧ್ಯಕ್ಷರಾಗಿದ್ದ ಸುಲ್ತಾನ್ ಅಹ್ಮದ್ ಬಿನ್ ಸುಲಾಯೆಮ್. ಈ ಸಾಲಿನಲ್ಲಿರುವ ‘ಎರಡಕ್ಕೂ’ ಎಂಬ ಪದವನ್ನು ಓದುಗರು ಗಮನಿಸಬೇಕು.

2022ರ ಫೆಬ್ರುವರಿಯಲ್ಲಿ ಕಂಪನಿ ನೂರಕ್ಕೂ ಹೆಚ್ಚು ನೌಕರರನ್ನು ತೆಗೆದುಹಾಕಿ, ಪ್ರಯಾಣಿಕರ ಮಾತು ಬಿಟ್ಟು ಸರಕಿನ ಮಾತು ಆರಂಭಿಸಿತು. 2023ರ ಕೊನೆಯ ದಿನ ಅದು ಮುಚ್ಚಿತು. ದುಬೈ–ಅಬುಧಾಬಿ ಹೆದ್ದಾರಿಯಲ್ಲಿ ಜನ ಇಂದೂ ಕಾರಿನಲ್ಲಿ, ಬಸ್ಸಿನಲ್ಲಿ ಒಂದೂವರೆ ಗಂಟೆ ಕುಳಿತೇ ಹೋಗುತ್ತಾರೆ.

ನಷ್ಟವೇನು, ಒಂದು ಅಧ್ಯಯನವಷ್ಟೇ ತಾನೆ ಎನ್ನುವವರಿದ್ದಾರೆ. ಬೆಂಗಳೂರಿನ ಅದೇ ದಿನಗಳ ಇನ್ನೊಂದು ಸಂಗತಿ ಅವರಿಗೆ ಉತ್ತರವಾಗಬಹುದು. ಹೈಪರ್‌ಲೂಪ್ ಒಪ್ಪಂದವಾಗಿ ನೂರು ದಿನ ಕಳೆಯುವಷ್ಟರಲ್ಲಿ, 2021ರ ಜನವರಿ 4ರಂದು, ವಿಮಾನ ನಿಲ್ದಾಣದ ಬಳಿ ಒಂದು ಪುಟ್ಟ ರೈಲು ನಿಲುಗಡೆ ಆರಂಭವಾಯಿತು. ಹಳಿ ಮೊದಲೇ ಇತ್ತು. ಬೇಕಾದದ್ದು ಪ್ಲಾಟ್‌ಫಾರ್ಮ್ ಮತ್ತು ಟಿಕೆಟ್ ಕೌಂಟರ್. ದರ ಹತ್ತು ಹದಿನೈದು ರೂಪಾಯಿ. ಆದರೆ ರೈಲುಗಳು ದಿನಕ್ಕೆ ಬೆರಳೆಣಿಕೆಯಷ್ಟು, ಅವುಗಳ ಸಮಯ ವಿಮಾನಗಳಿಗಾಗಲಿ ನಿಲ್ದಾಣದ ನೌಕರರ ಪಾಳಿಗಳಿಗಾಗಲಿ ಹೊಂದುತ್ತಿರಲಿಲ್ಲ. ಆ ಹೊಂದಾಣಿಕೆಯನ್ನು ಕೂತು ಲೆಕ್ಕಹಾಕುವುದೂ ತಾಂತ್ರಿಕ ನೆರವೇ. ಅದಕ್ಕೆ ಮೆಕಿನ್ಸಿ ಬೇಕಿಲ್ಲ, ಅದರಿಂದ ಯಾರಿಗೂ ಗುತ್ತಿಗೆ ಸಿಗುವುದಿಲ್ಲ. ಹಾಗಾಗಿಯೇ ಅದಕ್ಕೆ ಯಾರೂ ಒಪ್ಪಂದಪತ್ರ ವಿನಿಮಯ ಮಾಡಿಕೊಳ್ಳಲಿಲ್ಲ.

ಸಾರ್ವಜನಿಕ ಹಣದ ಸಾರಿಗೆ ಯೋಜನೆಗಳಲ್ಲಿ ನಿಜವಾದ ತೀರ್ಮಾನ ಆಗುವುದು ಶಂಕುಸ್ಥಾಪನೆಯ ದಿನವಲ್ಲ, ಸಚಿವ ಸಂಪುಟದಲ್ಲೂ ಅಲ್ಲ. ಸಲಹೆಗಾರರಿಗೆ ಕೊಡುವ ನಾಲ್ಕಾರು ಪುಟದ ಕಾರ್ಯವ್ಯಾಪ್ತಿ ಪತ್ರದಲ್ಲಿ. ‘ಇಲ್ಲಿಂದ ಅಲ್ಲಿಗೆ ಜನ ಹೇಗೆ ಹೋಗಬೇಕು’ ಎಂದು ಕೇಳಿದರೆ ಬಸ್ಸು, ರೈಲು, ಕಾಲುದಾರಿ ಎಲ್ಲವೂ ಉತ್ತರದಲ್ಲಿ ಬರುತ್ತವೆ. ‘ಇಲ್ಲಿಂದ ಅಲ್ಲಿಗೆ ಸುರಂಗ ಹೇಗೆ ಕೊರೆಯಬೇಕು’ ಎಂದು ಕೇಳಿದರೆ ಸುರಂಗವೊಂದೇ ಬರುತ್ತದೆ. ಆಮೇಲೆ ಸದನದಲ್ಲಿ ನಡೆಯುವ ಚರ್ಚೆಯೆಲ್ಲ ಸುರಂಗದ ಅಗಲದ ಬಗ್ಗೆ.

ಎಮಿರೇಟ್ಸ್‌ನಲ್ಲಿ ನೆಲೆಸಿರುವ ಕನ್ನಡಿಗರ ನಡುವೆ ಈ ಮಾತೆತ್ತಿದರೆ ಉದಾಹರಣೆಯಾಗಿ ಬರುವುದು ದುಬೈ ಮೆಟ್ರೊ. ಅದು ನ್ಯಾಯವೇ. 2005ರಲ್ಲಿ ಗುತ್ತಿಗೆ, 2009ರ ಸೆಪ್ಟೆಂಬರ್ 9ರ ರಾತ್ರಿ 9 ಗಂಟೆ 9 ನಿಮಿಷ 9 ಸೆಕೆಂಡಿಗೆ ಉದ್ಘಾಟನೆ. (ಆ ರಾತ್ರಿ ಕೆಂಪು ಮಾರ್ಗದ 29 ನಿಲ್ದಾಣಗಳಲ್ಲಿ ತೆರೆದದ್ದು 10 ಮಾತ್ರ, ಮುಹೂರ್ತ ಮೀರಬಾರದೆಂಬ ಹಟ ನಮ್ಮವರಿಗಷ್ಟೇ ಇರುವುದಲ್ಲ.) ಸಲಹೆಗಾರರು ಫ್ರಾನ್ಸಿನ ಸಿಸ್ಟ್ರಾ ಮತ್ತು ಅಮೆರಿಕದ ಪಾರ್ಸನ್ಸ್, ವಿನ್ಯಾಸದಲ್ಲಿ ಬ್ರಿಟನ್ನಿನ ಆಟ್‌ಕಿನ್ಸ್, ಕಟ್ಟಿದ್ದು ಜಪಾನ್–ಟರ್ಕಿ ಕಂಪನಿಗಳ ಕೂಟ, ಓಡಿಸಿದ್ದು ಮೊದಲ ಹನ್ನೆರಡು ವರ್ಷ ಬ್ರಿಟನ್ನಿನ ಸರ್ಕೋ. ಎಲ್ಲ ಜ್ಞಾನವೂ ಹೊರಗಿನದೇ. ಆದರೆ ಆ ಜ್ಞಾನ ಬಂದು ಇಳಿಯಲು ಒಂದು ಮನೆ ಇತ್ತು. ಅದೇ ವರ್ಷ ಸ್ಥಾಪನೆಯಾದ ಸಾರಿಗೆ ಪ್ರಾಧಿಕಾರದ ಕೈಯಲ್ಲಿ ರಸ್ತೆ, ಬಸ್ಸು, ಟ್ಯಾಕ್ಸಿ, ಮೆಟ್ರೊ, ಖಾಡಿಯ ದೋಣಿಗಳೂ ಇವೆ. ಆರಂಭದಿಂದ ಇಂದಿನವರೆಗೂ ಅದರ ಮುಖ್ಯಸ್ಥರು ಮತ್ತಾರ್ ಅಲ್ ತಾಯರ್ ಒಬ್ಬರೇ. ಸಲಹೆಗಾರರು ಬದಲಾದರೂ ಅವರು ಹೇಳಿದ್ದನ್ನು ನೆನಪಿಟ್ಟುಕೊಳ್ಳುವ ಕಚೇರಿ ಬದಲಾಗಲಿಲ್ಲ. ಬೆಂಗಳೂರಿಗೆ ದುಬೈಯಿಂದ ಕಲಿಯಲು ಏನಾದರೂ ಇದ್ದರೆ ಅದು ಇದು. ಚಿನ್ನದ ಬಣ್ಣದ ನಿಲ್ದಾಣಗಳಲ್ಲ.

ಕಲಿಯಬಾರದ್ದೂ ಅಲ್ಲಿಯೇ ಇದೆ. 1,550 ಕೋಟಿ ದಿರ್ಹಮ್ ಎಂದು ಹೊರಟ ಯೋಜನೆ ಸುಮಾರು 2,800 ಕೋಟಿ ದಿರ್ಹಮ್‌ಗೆ ಮುಟ್ಟಿತು. ‘ನಮ್ಮ ಮೆಟ್ರೊ’ದ ಮೊದಲ ಹಂತವೂ 6,395 ಕೋಟಿ ರೂಪಾಯಿಯ ಅಂದಾಜಿನಿಂದ ಆರಂಭವಾಗಿ ಎರಡು ಪಟ್ಟು ದಾಟಿತು ನಿಜ. ಆದರೆ ಅಲ್ಲಿ ಶಾಸಕರು ಕೇಳಬಹುದಿತ್ತು, ಲೆಕ್ಕಪರಿಶೋಧಕರು ಬರೆಯಬಹುದಿತ್ತು, ಪತ್ರಿಕೆಗಳು ಬೈಯಬಹುದಿತ್ತು. ದುಬೈಯಲ್ಲಿ ಪ್ರಾಧಿಕಾರವೇ ವೆಚ್ಚ ಘೋಷಿಸಿತು, ಪ್ರಾಧಿಕಾರವೇ ಕಾರಣ ಹೇಳಿತು, ಅಲ್ಲಿಗೆ ಮುಗಿಯಿತು.

ನಕಾಶೆಯನ್ನು ಇನ್ನಷ್ಟು ಹತ್ತಿರದಿಂದ ನೋಡಬೇಕು. ಮುಹೈಸ್ನಾದ ಕಾರ್ಮಿಕ ಶಿಬಿರಗಳನ್ನು ದಕ್ಷಿಣ ಏಷ್ಯಾದ ಕೆಲಸಗಾರರು ಸೋನಾಪುರ ಎನ್ನುತ್ತಾರೆ, ಚಿನ್ನದೂರು. ಮೆಟ್ರೊ ಕಟ್ಟಿದ ಕೈಗಳು ಮಲಗುತ್ತಿದ್ದದ್ದು ಇಂಥ ಶಿಬಿರಗಳಲ್ಲಿ. 2009ರ ಕೆಂಪು ಮಾರ್ಗದಲ್ಲಿ ಸೋನಾಪುರವಿಲ್ಲ, 2011ರ ಹಸಿರು ಮಾರ್ಗದಲ್ಲಿಲ್ಲ, ಎಕ್ಸ್‌ಪೊ ಮೇಳಕ್ಕಾಗಿ ಎಳೆದ 15 ಕಿ.ಮೀ. ಮಾರ್ಗದಲ್ಲಂತೂ ಇರಲು ಸಾಧ್ಯವಿರಲಿಲ್ಲ. ಹೊಸ ನೀಲಿ ಮಾರ್ಗ, 30 ಕಿ.ಮೀ., 2,050 ಕೋಟಿ ದಿರ್ಹಮ್, 2029ರಲ್ಲಿ ಇಂಟರ್‌ನ್ಯಾಷನಲ್ ಸಿಟಿಯಂಥ ಮಧ್ಯಮ, ಕೆಳಮಧ್ಯಮ ವರ್ಗದ ಬಡಾವಣೆಗೆ ರೈಲು ತರಲಿದೆ. ಮೊದಲ ರೈಲು ಓಡಿದ ಇಪ್ಪತ್ತು ವರ್ಷಗಳ ಮೇಲೆ. ಕಂಪನಿಯ ಬಸ್ಸಿನಲ್ಲಿ ಶಿಬಿರದಿಂದ ಕಾಮಗಾರಿಗೆ, ಕಾಮಗಾರಿಯಿಂದ ಶಿಬಿರಕ್ಕೆ ಹೋಗುವವನು ಪ್ರಯಾಣಿಕರ ಅಂದಾಜಿನ ಯಾವ ಸಾಲಿನಲ್ಲಿ ಬರಬೇಕೆಂಬುದು ಗಣಿತದ ಪ್ರಶ್ನೆಯಂತೆ ಕಾಣುತ್ತದೆ. ಗಣಿತದ್ದಲ್ಲ. ಅವನ ಶುಕ್ರವಾರದ ಸಂಜೆ ಯಾರ ಲೆಕ್ಕದಲ್ಲಿದೆ ಎಂಬ ಪ್ರಶ್ನೆ. ಅವನನ್ನು ಎಣಿಸಿ ಎಂದು ಕಾರ್ಯವ್ಯಾಪ್ತಿ ಪತ್ರ ಹೇಳದಿದ್ದರೆ ಎಷ್ಟೇ ನಿಪುಣ ಸಲಹೆಗಾರನೂ ಎಣಿಸುವುದಿಲ್ಲ.

ಹಾಗೆಂದು ಮತದಾನವಿರುವ ಊರಿನಲ್ಲಿ ಎಣಿಕೆ ತಾನಾಗಿ ಸರಿಯಾಗುತ್ತದೆಯೇ? ಹೆಬ್ಬಾಳದಿಂದ ಸಿಲ್ಕ್ ಬೋರ್ಡ್‌ವರೆಗಿನ ಸುಮಾರು 17 ಕಿ.ಮೀ. ಸುರಂಗ ರಸ್ತೆಯ ಕತೆ ಎದುರಿಗಿದೆ. 9 ಕೋಟಿ ರೂಪಾಯಿಗೂ ಮಿಕ್ಕ ಶುಲ್ಕ ಕೊಟ್ಟು ಬಿಬಿಎಂಪಿ ಸಿದ್ಧಪಡಿಸಿಕೊಂಡ ಸಮಗ್ರ ಯೋಜನಾ ವರದಿಯಲ್ಲಿ ಬೆಂಗಳೂರಿನ ವಾಹನ ಸಂಚಾರದ ನಡುವೆ ಮಹಾರಾಷ್ಟ್ರದ ಮಾಲೇಗಾಂವ್ ಮತ್ತು ನಾಸಿಕ್ ಪ್ರತ್ಯಕ್ಷವಾಗಿದ್ದವು. ಬೇರೆಲ್ಲೋ ಬರೆದ ಪುಟ ಇಲ್ಲಿ ಬಂದು ಕೂತಿತ್ತು. ಸಲಹೆಗಾರರಿಗೆ 5 ಲಕ್ಷ ರೂಪಾಯಿ ದಂಡ ಬಿತ್ತು, ಜನ ನಕ್ಕರು, ಯೋಜನೆ ಮುಂದೆ ಸಾಗಿತು. ನಗುವಿನಲ್ಲಿ ತಪ್ಪಿಹೋದ ಅಂಶವೊಂದಿದೆ: ಬೆಂಗಳೂರು ಮಹಾನಗರ ಭೂಸಾರಿಗೆ ಪ್ರಾಧಿಕಾರದ ಕಾಯ್ದೆ 2022ರಲ್ಲಿಯೇ ವಿಧಾನಮಂಡಲದಲ್ಲಿ ಅಂಗೀಕಾರವಾಗಿತ್ತು. ಹದಿನೇಳು ಸಾವಿರ ಕೋಟಿ ದಾಟುವ ರಸ್ತೆಯ ವರದಿಯನ್ನು ಮಾಡಿಸಿದ್ದು ಆ ಪ್ರಾಧಿಕಾರವಲ್ಲ. ಕೇಂದ್ರದ ನೆರವು ಕೋರುವ ಮೆಟ್ರೊ ಯೋಜನೆಗೆ 2017ರ ಮೆಟ್ರೊ ರೈಲು ನೀತಿಯಂತೆ ಪರ್ಯಾಯಗಳ ತುಲನೆ ಕಡ್ಡಾಯ. ಕಾರುಗಳಿಗೆಂದು ಕೊರೆಯುವ ಸುರಂಗಕ್ಕೆ ಅಂಥ ಕಟ್ಟುಪಾಡಿಲ್ಲ. ಬಡವರ ಸವಾರಿಗೆ ಪರೀಕ್ಷೆ, ಉಳ್ಳವರ ಸವಾರಿಗೆ ನೇರ ಪ್ರವೇಶ.

ಪ್ರಜಾಪ್ರಭುತ್ವ ನಿಧಾನ ಮಾಡುತ್ತದೆ, ಅಧಿಕಾರ ಒಂದೆಡೆ ಇದ್ದರೆ ಕೆಲಸವಾಗುತ್ತದೆ ಎಂಬ ಮಾತು ಕರಾಮಾದ ಹೋಟೆಲುಗಳಲ್ಲಿ ಸಾಂಬಾರಿನಷ್ಟೇ ಧಾರಾಳ. ಅಬುಧಾಬಿ ಅದಕ್ಕೆ ಸಾಕ್ಷಿ ನುಡಿಯುವುದಿಲ್ಲ. ಹಣಕ್ಕೂ ಅಧಿಕಾರಕ್ಕೂ ಕೊರತೆಯಿಲ್ಲದ ಆ ನಗರ 2009ರ ತನ್ನ ಸಾರಿಗೆ ಮಹಾಯೋಜನೆಯಲ್ಲಿ 131 ಕಿ.ಮೀ. ಮೆಟ್ರೊ ಬಿಡಿಸಿತ್ತು. ಇಂದಿಗೂ ಅಲ್ಲಿ ಮೆಟ್ರೊ ಇಲ್ಲ. ಈಗ 2025ರ ಜನವರಿಯಲ್ಲಿ ಹೊಸ ಘೋಷಣೆ ಬಂದಿದೆ: ಎರಡು ನಗರಗಳ ನಡುವೆ ಗಂಟೆಗೆ 350 ಕಿ.ಮೀ. ವೇಗದ ರೈಲು, ಮೂವತ್ತು ನಿಮಿಷ. ಮರುತಿಂಗಳೇ ಎಲಾನ್ ಮಸ್ಕ್ ಅವರ ಬೋರಿಂಗ್ ಕಂಪನಿಯೊಡನೆ ‘ದುಬೈ ಲೂಪ್’ ಎಂಬ 17 ಕಿ.ಮೀ. ಸುರಂಗಮಾರ್ಗದ ಘೋಷಣೆ. ರೈಲಿನ ಮಾತು ಬೇರೆ. ಎತಿಹಾದ್ ರೈಲ್ ಸುಮಾರು 900 ಕಿ.ಮೀ. ಹಳಿ ಹಾಸಿ 2023ರಿಂದ ದೇಶದ ಉದ್ದಕ್ಕೂ ಸರಕು ಸಾಗಿಸುತ್ತಿದೆ, ಹಾಗಾಗಿ ಅದರ ಮಾತಿಗೆ ತೂಕವಿದೆ. ಎರಡನೆಯದನ್ನು ಓದುವಾಗ ಹನ್ನೆರಡು ನಿಮಿಷದ ಕೊಳವೆ ನೆನಪಾಗದಿರದು.

ಈ ಕಂಪನಿಗಳ ಕಚೇರಿಗಳಲ್ಲಿ ನಕಾಶೆ ತಿದ್ದುವ, ಅಂದಾಜುಪಟ್ಟಿ ಕೂಡಿಸುವ ಕನ್ನಡಿಗರೂ ಇದ್ದಾರೆ. ವರದಿ ಹೇಗೆ ಹುಟ್ಟುತ್ತದೆಂದು ಅವರಿಗೆ ಬೇರೆಯವರು ಹೇಳಿಕೊಡಬೇಕಾಗಿಲ್ಲ. ಕರ್ನಾಟಕದ ಮಂತ್ರಿಗಳು ಹೂಡಿಕೆ ಕೇಳಲು ದುಬೈಯ ಹೋಟೆಲ್ ಸಭಾಂಗಣಕ್ಕೆ ಬಂದಾಗ ಶಾಲು ಹೊದಿಸಿ ‘ನಮ್ಮೂರು ದುಬೈ ಆಗುವುದು ಯಾವಾಗ’ ಎಂದು ಕೇಳುವುದು ವಾಡಿಕೆ. ಅದರ ಬದಲು ಇದನ್ನು ಕೇಳಬಹುದು: ಮುಂದಿನ ಸುರಂಗದ, ಮುಂದಿನ ಮೇಲ್ಸೇತುವೆಯ ಕಾರ್ಯವ್ಯಾಪ್ತಿ ಪತ್ರವನ್ನು, ಸಲಹೆಗಾರನಿಗೆ ಕೊಡುವ ಮೊದಲೇ, ಕನ್ನಡದಲ್ಲಿ ಪ್ರಕಟಿಸುತ್ತೀರಾ? ಬಸ್ಸಿಗೆ ಕಾಯುವವರನ್ನು ಎಣಿಸಲು ಅದರಲ್ಲಿ ಸಾಲು ಇದೆಯೇ?