ಗೃಹಸ್ಥರೊಡನೆ ಎರಡು ಮಾತು: ವಸಂತಕಾಲದ ಹಿಮಬಿರುಗಾಳಿ

ಯುಗಾದಿಯ ಕಾಲಕ್ಕೆ ನಮ್ಮ ಸೀಮೆಯಲ್ಲಿ ಮಾವು ಚಿಗುರಿ, ಬೇವು ಹೂಬಿಟ್ಟು, ಬಿಸಿಲು ಬಲಿಯುತ್ತದೆ. ಅದೇ ದಿನಗಳಲ್ಲಿ ಅಮೆರಿಕದ ಉತ್ತರಭಾಗದಲ್ಲಿ ಮೊಣಕಾಲುದ್ದ ಹಿಮ ಬೀಳುವುದುಂಟೆಂದರೆ ವಾಚಕರಲ್ಲಿ ಕೆಲವರಿಗೆ ಸೋಜಿಗವಾದೀತು. ಆದರೆ ಕನ್ನಡನಾಡಿನ ಎಷ್ಟೋ ಮನೆಗಳ ಮಕ್ಕಳು ಈಗ ಆ ದೇಶದಲ್ಲಿ ಸಂಸಾರ ಹೂಡಿರುವರು. ವೃದ್ಧ ತಂದೆತಾಯಿಗಳೂ ಅಲ್ಲಿಗೆ ಹೋಗಿ ಕೆಲಕಾಲ ಇದ್ದು ಬರುತ್ತಾರೆ. ಆದಕಾರಣ ಈ ವಿಷಯವು ನಮಗೆ ಹೊರಗಿನದಲ್ಲವೆಂದು ಬಗೆದು ಇದನ್ನು ಬರೆಯುತ್ತಿದ್ದೇವೆ.

ವಸಂತದ ಹಿಮವು ಬಹು ಮೋಸಕರವಾದುದು. ಕೆನಡಾದ ಕಡೆಯಿಂದ ಇಳಿಯುವ ಶೀತಲವಾಯುವೂ ಮೆಕ್ಸಿಕೋ ಕೊಲ್ಲಿಯಿಂದ ಏರುವ ತೇವಭರಿತವಾದ ಬೆಚ್ಚನೆಯ ವಾಯುವೂ ಸಂಧಿಸಿದಲ್ಲಿ ಮಹಾ ಬಿರುಗಾಳಿಗಳು ಹುಟ್ಟುತ್ತವೆ. ಈ ಹಿಮದಲ್ಲಿ ನೀರಿನಂಶ ಹೆಚ್ಚು, ಅದರಿಂದ ಭಾರವೂ ಹೆಚ್ಚು. ಮರದ ಕೊಂಬೆಗಳು ಮುರಿದು ವಿದ್ಯುತ್ತಿನ ತಂತಿಗಳು ಹರಿಯುತ್ತವೆ. ಹಗಲು ಕರಗಿದ ನೀರು ರಾತ್ರಿ ಗಾಜಿನಂತೆ ಹೆಪ್ಪುಗಟ್ಟಿ, ಕಣ್ಣಿಗೆ ಕಾಣದೆಯೇ ರಸ್ತೆಯನ್ನು ಜಾರುಬಂಡೆಯಾಗಿ ಮಾಡುತ್ತದೆ. ಸೇತುವೆಗಳು ಕೆಳಗಿನಿಂದಲೂ ತಣ್ಣಗಾಗುವುದರಿಂದ ಮೊದಲು ಹೆಪ್ಪುಗಟ್ಟುವುದು ಅವುಗಳ ಮೇಲೆಯೇ.

1888ನೆಯ ಇಸವಿ ಮಾರ್ಚಿಯಲ್ಲಿ ನ್ಯೂಯಾರ್ಕ್ ನಗರದ ಹವೆ ಹಿತವಾಗಿತ್ತು. 11ನೆಯ ತಾರೀಖು ಮಳೆ ಹಿಡಿದು, ಆ ರಾತ್ರಿಯೇ ಅದು ಹಿಮವಾಗಿ ತಿರುಗಿತು. ನಗರದಲ್ಲಿ 21 ಅಂಗುಲ ಹಿಮ ಬಿದ್ದಿತು. ರೈಲುಗಳು ನಡುದಾರಿಯಲ್ಲೇ ನಿಂತವು. ಆ ಬಿರುಗಾಳಿಗೆ 400ಕ್ಕೂ ಹೆಚ್ಚು ಜನ ಬಲಿಯಾದರು. ಸೆನೆಟ್ ಸಭೆಯ ಸದಸ್ಯರಾಗಿದ್ದ ರಾಸ್ಕೋ ಕಾಂಕ್ಲಿಂಗರು ಗಾಳಿಯಲ್ಲಿಯೇ ನಡೆದುಹೋಗಲು ಯತ್ನಿಸಿ ದಾರಿಯಲ್ಲಿ ಕುಸಿದರು. ಮುಂದಿನ ತಿಂಗಳಲ್ಲಿ ತೀರಿಕೊಂಡರು. ಅವರಲ್ಲಿ ಧೈರ್ಯಕ್ಕೆ ಕೊರತೆಯಿರಲಿಲ್ಲ. ಆದರೆ ಹಿಮವು ಧೈರ್ಯವನ್ನು ಲೆಕ್ಕಿಸುವುದಿಲ್ಲ.

1993ನೆಯ ಮಾರ್ಚಿಯಲ್ಲಿ ಅಂಥದೇ ಇನ್ನೊಂದು ಬಂದಾಗ ಹವಾಮಾನ ಇಲಾಖೆಯವರು ಕೆಲವು ದಿನಗಳ ಮೊದಲೇ ಎಚ್ಚರಿಸಿದ್ದರು. ಇಂದು ಆ ಎಚ್ಚರಿಕೆಯಲ್ಲಿ ಎರಡು ಬಗೆ: ‘ವಾಚ್’ ಎಂದರೆ ಬರುವ ಸಂಭವವುಂಟು, ಸಿದ್ಧರಾಗಿರಿ, ‘ವಾರ್ನಿಂಗ್’ ಎಂದರೆ ಬಂದಿದೆ ಅಥವಾ ಬರುವುದು ಬಹುಮಟ್ಟಿಗೆ ಖಂಡಿತ, ಹೊರಡಬೇಡಿ. ಗಂಟೆಗೆ 35 ಮೈಲಿಗೆ ಕಡಮೆಯಿಲ್ಲದ ಗಾಳಿ ಬೀಸಿ, ಕಾಲು ಮೈಲಿಯ ಆಚೆ ಏನೂ ಕಾಣದ ಸ್ಥಿತಿ 3 ಗಂಟೆ ಇದ್ದರೆ ಅದನ್ನು ‘ಬ್ಲಿಜರ್ಡ್’ ಎನ್ನುವರು.

ಮನೆಯಲ್ಲಿ ಮೂರು ದಿನಕ್ಕಾಗುವಷ್ಟು ಆಹಾರ, ಕುಡಿಯುವ ನೀರು, ಔಷಧಿ, ಕಂಬಳಿ, ಟಾರ್ಚುಗಳನ್ನು ಮೊದಲೇ ಕೂಡಿಸಿಡತಕ್ಕದ್ದು. ವಿದ್ಯುತ್ತು ಹೋಯಿತೆಂದು ಮನೆಯೊಳಗೆ ಇದ್ದಲಿನ ಅಗ್ಗಿಷ್ಟಿಕೆಯನ್ನಾಗಲಿ ಜನರೇಟರನ್ನಾಗಲಿ ಹೊತ್ತಿಸಕೂಡದು. ಅವುಗಳಿಂದ ಹೊರಡುವ ವಿಷವಾಯುವಿಗೆ ಬಣ್ಣವಿಲ್ಲ, ವಾಸನೆಯಿಲ್ಲ; ಮಲಗಿದವರು ಏಳುವುದಿಲ್ಲ. ಹೃದಯದ ಬೇನೆಯುಳ್ಳವರೂ ವಯಸ್ಸಾದವರೂ ಹಿಮ ಬಾಚುವ ಕೆಲಸಕ್ಕೆ ಕೈಹಾಕಬಾರದು.

ಹೊರಡಲೇಬೇಕಾದವರು ಗಾಡಿಯ ಪೆಟ್ರೋಲು ತೊಟ್ಟಿಯನ್ನು ತುಂಬಿಸಿ, ಕಂಬಳಿ, ಸಲಿಕೆ, ಒಂದಿಷ್ಟು ಮರಳು, ತಿಂಡಿ, ನೀರು ಇವುಗಳನ್ನು ಇಟ್ಟುಕೊಂಡು, ಹೋಗುವ ದಾರಿಯನ್ನು ಮನೆಯವರಿಗೆ ತಿಳಿಸಿರಬೇಕು. ಗಾಡಿ ಹಿಮದಲ್ಲಿ ಹೂತುಕೊಂಡರೆ ಇಳಿದು ನಡೆಯುವುದು ಮೃತ್ಯುವನ್ನು ಅರಸಿ ಹೋದಂತೆ. ಒಳಗೇ ಕುಳಿತು, ಹೊರಗೆ ಕೆಂಪು ಬಟ್ಟೆಯೊಂದನ್ನು ಕಟ್ಟಿ, ಹೊಗೆಕೊಳವೆಯ ಬಾಯಿಗೆ ಕವಿದ ಹಿಮವನ್ನು ತೆಗೆದು, ಗಂಟೆಗೊಮ್ಮೆ ಹತ್ತು ನಿಮಿಷ ಮಾತ್ರ ಯಂತ್ರವನ್ನು ನಡೆಯಿಸಿ, ಕಿಟಕಿಯನ್ನು ಎಳ್ಳಷ್ಟು ತೆರೆದಿಡಬೇಕು.

ಕೊನೆಗೆ ಊರಿನಲ್ಲಿರುವ ಹಿರಿಯರಲ್ಲಿ ಒಂದು ಬಿನ್ನಹ. ಯುಗಾದಿಯ ಕೂಟಕ್ಕೆಂದು ಅಲ್ಲಿಯ ಕನ್ನಡಿಗರು ದೂರದೂರಗಳಿಂದ ಮೋಟಾರಿನಲ್ಲಿ ಬರುವುದುಂಟು. “ಹಬ್ಬದ ದಿನ ಅಣ್ಣನ ಮನೆಗೆ ಹೋಗದೆ ಇರುವುದೇ?” ಎಂದು ನಾವು ದೂರವಾಣಿಯಲ್ಲಿ ಆಡುವ ಒಂದು ಮಾತು ಮಕ್ಕಳನ್ನು ಹೊತ್ತಲ್ಲದ ಹೊತ್ತಿನಲ್ಲಿ ದಾರಿಗೆ ನೂಕೀತು. “ಹವೆ ಹೇಗಿದೆ, ಮಗು?” ಎಂದು ಮೊದಲು ಕೇಳೋಣ, ಸರಿಯಿಲ್ಲವೆಂದರೆ “ಮನೆಯಲ್ಲೇ ಇರು” ಎಂದು ನಾವೇ ಹೇಳೋಣ. ಬೇವುಬೆಲ್ಲವನ್ನು ಮುಂದಿನ ವಾರ ಕೂಡಿ ತಿಂದರೂ ಅದರ ರುಚಿ ಕೆಡುವುದಿಲ್ಲ.